ನೀಲಿ ಬಣ್ಣದ ವಾರದಲ್ಲಿ ಕಂಡ ಕೆಂಪು

ಬಟ್ಟೆಗೆ ಬಣ್ಣ ಹಾಕುವವರ ಬೀದಿಯಲ್ಲಿ ಒಂದು ನಂಬಿಕೆ ಇದೆ. ಕೆಂಪು ಬಣ್ಣದ ಕೆಲಸ ಮಾಡಿದ ಮರುದಿನ ಮೂತ್ರವೂ ಕೆಂಪಾಗುತ್ತದಂತೆ. ಯಾರು ಹೇಳಿದರೋ, ಯಾರು ಕಂಡರೋ ಗೊತ್ತಿಲ್ಲ. ಎಲ್ಲರೂ ನಕ್ಕು ಸುಮ್ಮನಾಗುತ್ತಾರೆ.

ಅಲ್ಲಿನ ಬಣ್ಣದ ಮೇಸ್ತ್ರಿಯೊಬ್ಬರೂ ಒಂದು ಬೆಳಿಗ್ಗೆ ಹಾಗೇ ನಕ್ಕರು.

"ಇವತ್ತು ಕೆಂಪಗೆ ಹೋಯ್ತು ಕಣೇ. ಬಣ್ಣ ಹೊಟ್ಟೆಗೂ ಇಳಿದಿದೆ."

ಹೆಂಡತಿ ನಗಲಿಲ್ಲ. "ಯಾವ ಕೆಂಪು ರೀ? ನಿಮ್ಮ ಅಂಗಿ ಒಗೆಯೋಳು ನಾನು. ಈ ವಾರವೆಲ್ಲ ನೀಲಿ ಅಲ್ವಾ?"

ಮೇಸ್ತ್ರಿ ಕೈ ನೋಡಿಕೊಂಡರು. ಉಗುರಿನ ಸಂದಿಯೆಲ್ಲ ನೀಲಿ. "ಹಾಗಾದ್ರೆ ಉಷ್ಣ ಇರಬೇಕು ಬಿಡು," ಎಂದು ಜಾರಿಕೊಂಡರು. ಮಧ್ಯಾಹ್ನಕ್ಕೆ ಮೂತ್ರ ಸರಿಯಾಯಿತು. ಅವರ ಜಂಬಕ್ಕೆ ಅಷ್ಟು ಸಾಕಾಯಿತು.

ಹೆಂಡತಿ ಮಾತ್ರ ಬಿಡಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನಾದಿನಿಗೆ, ಅಂದರೆ ಮೇಸ್ತ್ರಿಯ ತಂಗಿಗೆ, ಫೋನ್ ಮಾಡಿದರು. ಇಬ್ಬರೂ ಸೇರಿ ಮೇಸ್ತ್ರಿಯನ್ನು ವೈದ್ಯರ ಬಳಿಗೆ ಕರೆದೊಯ್ದರು. ಮೂತ್ರದಲ್ಲಿ ರಕ್ತ ಇರುವುದು ಪರೀಕ್ಷೆಯಲ್ಲಿ ಗೊತ್ತಾಯಿತು. ಅಲ್ಟ್ರಾಸೌಂಡ್ ಮಾಡಿದಾಗ ಎಡ ಮೂತ್ರಪಿಂಡದಲ್ಲಿ ಏನೋ ಚಿಕ್ಕದು ಕಂಡಿತು. ಗಂಟೋ, ಬರೀ ನೀರಿನ ಗುಳ್ಳೆಯೋ ಸ್ಪಷ್ಟವಾಗಲಿಲ್ಲ. ವೈದ್ಯರು ಸಿ.ಟಿ. ಸ್ಕ್ಯಾನ್ ಬರೆದುಕೊಟ್ಟರು.

ಮನೆಗೆ ಬಂದದ್ದೇ ತಡ, ಮೇಸ್ತ್ರಿಯ ಹಠ ಶುರುವಾಯಿತು.

"ನೋವಿಲ್ಲ, ಜ್ವರ ಇಲ್ಲ. ಯಾಕೆ ಸ್ಕ್ಯಾನು?"

"ಅಣ್ಣಾ, ಚಿಕ್ಕ ಗಂಟು ಎಷ್ಟೋ ಸಲ ನೋಯೋದೇ ಇಲ್ಲ," ಎಂದರು ತಂಗಿ. "ನೋವು ಬರಲಿ ಅಂತ ಕಾಯೋದು ಅದನ್ನ ಬೆಳೆಯೋಕೆ ಬಿಟ್ಟ ಹಾಗೆ."

"ಈಗಾಗಲೇ ಒಂದು ಚಿತ್ರ ತೆಗೆದಿದ್ದಾರಲ್ಲ!"

"ಇದು ಬೇರೆ. ನರಕ್ಕೆ ಒಂದು ಔಷಧಿ ಬಿಟ್ಟು ಚಿತ್ರ ತೆಗೀತಾರೆ. ಗಂಟಿನೊಳಗೆ ರಕ್ತ ಹರೀತಿದ್ರೆ ಅದು ಔಷಧಿ ಹಿಡ್ಕೊಂಡು ಬೆಳ್ಳಗೆ ಕಾಣುತ್ತೆ. ನೀರಿನ ಗುಳ್ಳೆ ಹಿಡಿಯಲ್ಲ."

ಮೇಸ್ತ್ರಿ ನೆಟ್ಟಗೆ ಕೂತರು. "ಅಂದ್ರೆ ಹತ್ತಿ ನೂಲು ಬಣ್ಣ ಹಿಡಿಯುತ್ತೆ, ಅದೇ ಬಣ್ಣದ ನೀರಿಗೆ ಬಿದ್ದ ಪ್ಲಾಸ್ಟಿಕ್ ದಾರ ಹಿಡಿಯಲ್ಲ. ಹಾಗಾ?"

"ಹೂಂ, ಹೆಚ್ಚುಕಡಿಮೆ ಹಾಗೇ."

ಮೇಸ್ತ್ರಿ ಉಗುರಿನ ನೀಲಿ ಕೆರೆದುಕೊಂಡರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಗಂಟೇ ಅಂತ ಬಂದ್ರೆ? ಕಿಡ್ನಿ ಕಿತ್ತು ಹಾಕ್ತಾರಲ್ವಾ?"

ಹಠದ ಹಿಂದೆ ಇದ್ದದ್ದು ಭಯ. ಪಾಪ, ಅದನ್ನು ಹೇಳಿಕೊಳ್ಳಲು ಅವರಿಗೆ ನಾಚಿಕೆ.

ತಂಗಿ ಅವರ ಕೈ ಹಿಡಿದುಕೊಂಡರು. "ದೊಡ್ಡದಾದ ಮೇಲೆ ಸಿಕ್ಕಿದ್ರೆ ಇಡೀ ಕಿಡ್ನಿ ತೆಗೀಬೇಕಾಗಬಹುದು. ಚಿಕ್ಕದಿದ್ದಾಗಲೇ ಸಿಕ್ಕಿದ್ರೆ ಎಷ್ಟೋ ಸಲ ಗಂಟನ್ನಷ್ಟೇ ತೆಗೆದು ಕಿಡ್ನಿ ಉಳಿಸ್ತಾರೆ. ನಿನ್ನ ಕಿಡ್ನಿ ಉಳಿಸೋಕೇ ಅಣ್ಣಾ ನಾವು ಓಡಾಡ್ತಿರೋದು."

ಮೇಸ್ತ್ರಿ ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಸ್ಕ್ಯಾನ್‌ಗೆ ಮೊದಲು ರಕ್ತ ಪರೀಕ್ಷೆ ಮಾಡಿದರು, ಅಲರ್ಜಿ ಇದೆಯೇ ಎಂದು ಕೇಳಿದರು. "ಔಷಧಿ ಹೋದಾಗ ಮೈ ಬೆಚ್ಚಗಾಯ್ತು, ಅಷ್ಟೇ," ಎಂದು ಮೇಸ್ತ್ರಿ ಹೊರಬಂದರು. ಚಿತ್ರದಲ್ಲಿ ಕೋಟಿನ ಗುಂಡಿಯಷ್ಟು ಗಂಟು ಔಷಧಿ ಹಿಡಿದುಕೊಂಡಿತ್ತು. ಕ್ಯಾನ್ಸರ್ ಇರಬಹುದು, ಆದರೆ ಹೊರಗೆ ಹರಡಿದಂತೆ ಕಾಣುತ್ತಿಲ್ಲ ಎಂದರು ವೈದ್ಯರು. ಶಸ್ತ್ರಚಿಕಿತ್ಸೆ ಮಾಡಿ ಗಂಟನ್ನಷ್ಟೇ ತೆಗೆದರು. ಪ್ರಯೋಗಾಲಯದ ವರದಿಯೂ ಕ್ಯಾನ್ಸರ್ ಎಂದೇ ಬಂತು. ಗಂಟು ಪೂರ್ತಿ ಹೋಗಿತ್ತು, ಮೂತ್ರಪಿಂಡ ಉಳಿದಿತ್ತು.

ಮೂತ್ರಪಿಂಡ ಉಳಿಯಿತು ಎಂಬ ಮಾತು ವೈದ್ಯರ ಬಾಯಿಂದ ಬಂದ ಕೂಡಲೇ, ಇಷ್ಟು ದಿನ ಗಟ್ಟಿಯಾಗಿದ್ದ ಹೆಂಡತಿ ಗಳಗಳ ಅತ್ತುಬಿಟ್ಟರು.

"ಎಲ್ಲ ಸರಿಹೋದ ಮೇಲೆ ಯಾಕೇ ಅಳ್ತೀಯ?"

"ಮೊದಲು ಅಳೋಕೆ ಎಲ್ಲಿತ್ತು ರೀ ಪುರುಸೊತ್ತು? ನಿಮ್ಮನ್ನ ಎಳ್ಕೊಂಡು ಹೋಗೋದೇ ಆಗಿತ್ತಲ್ಲ!"

ಅಕ್ಕಂದಿರೇ, ಅಣ್ಣಂದಿರೇ, ಮೂತ್ರದಲ್ಲಿ ಒಂದೇ ಸಲ ರಕ್ತ ಕಂಡು ತಾನಾಗಿ ನಿಂತರೂ ವೈದ್ಯರಿಗೆ ತೋರಿಸಿ. ರಕ್ತ ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ, ಎಲ್ಲರಿಗೂ ಸಿ.ಟಿ. ಬೇಕಾಗಿಯೂ ಇಲ್ಲ. ಆದರೆ ವೈದ್ಯರು ಬರೆದುಕೊಟ್ಟರೆ ಮುಂದೂಡಬೇಡಿ. ಅಲರ್ಜಿ, ಸಕ್ಕರೆ ಕಾಯಿಲೆ, ಬಸಿರು ಇದ್ದರೆ ಮೊದಲೇ ತಿಳಿಸಿ. ಕೈಹಿಡಿದು ಎಳೆದುಕೊಂಡು ಹೋಗುವವರು ಮನೆಯಲ್ಲಿದ್ದರೆ ಅದು ನಿಮ್ಮ ಪುಣ್ಯ. ಇಲ್ಲದಿದ್ದರೆ ನೀವೇ ಎದ್ದು ಹೊರಡಿ.