ಅಬ್ಬಾ ತಿರುವು

ಮತ್ತೆ ಅದೇ ಸದ್ದು, ಗುಡುಂ, ಚಕ್ರದ ಅಡಿಯಿಂದಲೇ ಬಂದ ಹಾಗೆ, ರಸ್ತೆಯ ಹೊಟ್ಟೆಯೊಳಗೆ ಯಾರೋ ದೊಡ್ಡ ಬಾಗಿಲು ಹಾಕಿದ ಹಾಗೆ, ಹ್ಯಾಂಡಲ್ ಹಿಡಿದ ಅಂಗೈಗೂ ತಾಕಿತು — ಏನಿಲ್ಲ, ಕೆಳಗೆ ಬಂಡೆಯ ಗವಿಗೆ ಸಮುದ್ರ ನುಗ್ಗುತ್ತಿದೆ ಅಷ್ಟೆ, ಹೆದರಬೇಡ, ತುಳಿ, ತುಳಿಯುತ್ತಲೇ ಇರು, ನಿಲ್ಲಿಸಿದೆಯೋ ಕೆಟ್ಟೆ, ಸೈಕಲ್ಲಿನ ವಿದ್ಯೆಯಲ್ಲಿ ಅವಳಿಗೆ ಇನ್ನೂ ಬಾರದ್ದು ಅದೊಂದೇ, ನಿಲ್ಲಿಸುವುದು. ಹತ್ತುವುದು ಬಂತು, ತುಳಿಯುವುದು ಬಂತು, ಇಳಿಯಬೇಕೆಂದರೆ ಮಾತ್ರ ಕೈಗೆ ಏನಾದರೂ ಸಿಗಬೇಕು, ಗೋಡೆಯೋ ಕಂಬವೋ, ತಬ್ಬಿಕೊಂಡೇ ಇಳಿಯಬೇಕು, ಅಕ್ಕಾ, ಬ್ರೇಕ್ ಒತ್ತು, ಕಾಲು ಊರು, ಇದೇನು ಬ್ರಹ್ಮವಿದ್ಯೆನಾ ಎಂದು ಶಾಲೆಯ ಮೈದಾನದಲ್ಲಿ ತಂಗಿ ತಲೆ ಚಚ್ಚಿಕೊಂಡಳು, ಅಜ್ಜಿ ಆಗೋ ವಯಸ್ಸಲ್ಲಿ ಸೈಕಲ್ ಕಲಿಯೋಳೂ ನೀನೊಬ್ಬಳೇ, ಕಂಬ ತಬ್ಬಿಕೊಳ್ಳೋಳೂ ನೀನೊಬ್ಬಳೇ. ನಗಲಿ ಬಿಡು. ಆದರೆ ಇಲ್ಲಿ ಕಂಬ ಎಲ್ಲಿದೆ ತಾಯಿ, ಬಲಕ್ಕೆ ಕಡಿದ ಬಂಡೆ, ನೀರು ಜಿನುಗಿ ಪಾಚಿ ಕಟ್ಟಿ ಜಾರುವಂಥದ್ದು, ಎಡಕ್ಕೆ ಸುಣ್ಣ ಬಳಿದ ಮೋಟುಕಲ್ಲುಗಳ ಸಾಲು, ಹಿಡಿಯಬೇಕೆಂದರೆ ಬಗ್ಗಬೇಕು, ಬಗ್ಗಿದರೆ ಆಚೆಗೇ, ಆಚೆಗೆ ಬರೀ ಗಾಳಿ, ಗಾಳಿಯ ಕೆಳಗೆ ನೀರು. ಮತ್ತೆ ಇಷ್ಟು ಉದ್ದದ ರಸ್ತೆ, ಇಡೀ ಅವಳೊಬ್ಬಳಿಗೇ! ಬೆಟ್ಟಕ್ಕೆ ಸುರಂಗ ಕೊರೆದ ಮೇಲೆ ಬಸ್ಸು ಲಾರಿ ಎಲ್ಲ ಅತ್ತ ಹೋದವು, ಇತ್ತ ಟಾರಿನ ಬಿರುಕಲ್ಲಿ ಹಳದಿ ಹೂ ಎದ್ದಿದೆ, ಒಂದು ಓತಿಕ್ಯಾತ ನಡುರಸ್ತೆಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತ ಮಲಗಿದೆ, ಬೆಲ್ ಹೊಡೆದರೆ ಏನವಸರ ಎಂಬಂತೆ ನೋಡಿ ಸರಿಯಿತು.

ತುಳಿ. ಹೊಲಿಗೆ ಮೆಷಿನ್ ತುಳಿದು ಪಳಗಿದ ಕಾಲು, ಒಂದು ಜನ್ಮಕ್ಕಾಗುವಷ್ಟು ತುಳಿದಿದ್ದಾಳೆ, ಅಲ್ಲಿ ಎಷ್ಟು ತುಳಿದರೂ ಕಿಟಕಿಯ ಪಕ್ಕದ ಆ ಗೋಡೆ ಬಿಟ್ಟು ಒಂದಿಂಚು ಕದಲಿದ್ದಿಲ್ಲ, ಇಲ್ಲಿ ನೋಡು, ತುಳಿದರೆ ಬೆಟ್ಟವೇ ಹಿಂದೆ ಸರಿಯುತ್ತದೆ. ಇವರು ಕೇಳಿದರೆ ನಗುತ್ತಾರೆ. ಇವರು ಈಗ ವರಾಂಡದ ಕುರ್ಚಿಯಲ್ಲಿ ಕೂತಿರುತ್ತಾರೆ, ರೇಡಿಯೋ ಹಾಕಿಕೊಂಡು, ಎರಡೂ ಕೈ ತೊಡೆಯ ಮೇಲೆ ಅಗಲಿಸಿ ಇಟ್ಟುಕೊಂಡು, ಸ್ಟಿಯರಿಂಗ್ ಹಿಡಿದ ಹಾಗೆ, ಕಣ್ಣು ಹೋದ ಮೇಲೂ ಕೈಗೆ ಅಭ್ಯಾಸ ಬಿಟ್ಟಿಲ್ಲ. ಇದೇ ರಸ್ತೆ, ಬೆಳಗಿನ ಬಸ್ಸು ಇವರದೇ, ಸಂಜೆಯದೂ ಇವರದೇ, ಕೆಲಸಕ್ಕೆ ಸೇರಿದ ಮೊದಲ ದಿನದಿಂದ ರಿಟೈರ್ ಆಗುವ ತನಕ. ಮನೆಗೆ ಬಂದು ಶರ್ಟು ಬಿಚ್ಚಿ ಮೊಳೆಗೆ ಹಾಕುತ್ತ, ಇವತ್ತೂ ಅಂದ್ರು ಕಣೇ, ಇಡೀ ಬಸ್ಸು ಒಟ್ಟಿಗೆ, ಅಬ್ಬಾ ಅಂತ. ಯಾವ ತಿರುವಲ್ಲಿ. ಅದೇ, ಲೈಟ್‌ಹೌಸ್ ದಾಟಿದ ಮೇಲೆ ಸಿಗುತ್ತಲ್ಲ, ಅಬ್ಬಾ ತಿರುವು. ಹೆಸರಿಟ್ಟವರೂ ಇವರೇ. ಅಂಥಾದ್ದು ಏನ್ರೀ ಇದೆ ಅಲ್ಲಿ. ನನಗೇನು ಗೊತ್ತು, ನಾನು ರಸ್ತೆ ನೋಡ್ತೀನಿ. ಒಂದು ಸಲವೂ ನೋಡಿಲ್ವಾ. ಇಲ್ಲ ಕಣೇ. ಅವಳಿಗೆ ನಗುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು, ಎಂಥ ಕೊರಡು ಮನುಷ್ಯನಿಗೆ ಕಟ್ಟಿದರಪ್ಪ ನನ್ನನ್ನ ಎಂದು ತಂಗಿಯ ಹತ್ತಿರ ಹೇಳಿಕೊಂಡದ್ದುಂಟು, ಊರೂರಿನವರು ದುಡ್ಡು ಕೊಟ್ಟು ಬಂದು ನೋಡೋದನ್ನ ಸಂಬಳ ತಗೊಂಡೂ ನೋಡಲ್ಲ. ರಿಟೈರ್ ಆದಾಗ ಇವರೇ ಅಂದರು, ಸುರಂಗ ಆಗಲಿ, ಗಾಡಿ ಕಮ್ಮಿ ಆಗಲಿ, ಇಬ್ಬರೂ ಹೋಗಿ ಅಲ್ಲೇ ಕೂತು ಹೊಟ್ಟೆ ತುಂಬ ನೋಡೋಣ, ಆ ಸುರಂಗ ಇವತ್ತು ನಾಳೆ ಅನ್ನುತ್ತ ಎಳೆಯಿತು, ಅಷ್ಟರಲ್ಲಿ ಕಣ್ಣಿನ ನರ ಒಣಗಿದೆ ಎಂದರು ಡಾಕ್ಟರು, ಇನ್ನು ಏನೂ ಮಾಡೋಕಾಗಲ್ಲಮ್ಮ.

ಲೈಟ್‌ಹೌಸ್ ಬಂತು, ಬಿಳಿ, ಹತ್ತಿರದಿಂದ ನೋಡಿದರೆ ಸುಣ್ಣ ಚಕ್ಕೆ ಚಕ್ಕೆ ಎದ್ದಿದೆ, ಗಾಳಿ ಸೆರಗನ್ನು ಕಿತ್ತುಕೊಳ್ಳುವ ಹಾಗೆ ಎಳೆಯುತ್ತದೆ, ಬಿಗಿಯಾಗಿ ಸಿಕ್ಕಿಸಿದ್ದೇ ಒಳ್ಳೆಯದಾಯಿತು, ಬಾಯಲ್ಲಿ ಉಪ್ಪು. ಸಮುದ್ರಕ್ಕೆ ಇಷ್ಟು ಬಣ್ಣ ಇರುತ್ತದೆ ಅಂತ ಯಾರೂ ಹೇಳಿರಲಿಲ್ಲವಲ್ಲ, ದಡದ ಹತ್ತಿರ ಹಸಿರು, ಬಂಡೆಯ ನೆರಳಲ್ಲಿ ಕಪ್ಪು, ಆಚೆ ನೀಲಿ, ಆ ನೀಲಿಗೆ ಮ್ಯಾಚ್ ಆಗುವ ದಾರದ ಉಂಡೆ ಯಾವ ಅಂಗಡಿಯಲ್ಲೂ ಸಿಗಲಾರದು, ಅಯ್ಯೋ ನೋಡಬೇಡ, ನೋಡಿದರೆ ಸೈಕಲ್ಲು ಕಣ್ಣು ಹೋದ ಕಡೆಗೇ ಹೋಗುತ್ತದೆ, ಅಕ್ಕಾ, ಎಲ್ಲಿ ನೋಡ್ತೀಯೋ ಅಲ್ಲಿಗೇ ಹೋಗ್ತೀಯ, ಅದಕ್ಕೇ ಮುಂದೆ ನೋಡು ಅಂದಿದ್ದಳು ತಂಗಿ. ಬಂಡೆಯ ಮೇಲೆ ಗಾಳ ಹಾಕಿ ಕೂತ ಒಬ್ಬಾತ ಕೂಗುತ್ತಾನೆ, ಅಮ್ಮಾ, ಮುಂದೆ ಕೆಟ್ಟ ತಿರುವು, ಇಳ್ಕೊಂಡು ಹೋಗಿ. ಇಳಿಯೋಕೆ ಬಂದ್ರೆ ಇಳೀತಿರ್ಲಿಲ್ವಾ ಅಣ್ಣಾ ಎಂದು ಇವಳು ಕೂಗಿದ್ದು ಗಾಳಿಗೆ ಹೋಯಿತು. ಬೆಳಿಗ್ಗೆ ಚಹಾ ಲೋಟ ಕೈಗೆ ಕೊಟ್ಟಾಗ ಇವರು ಅಂದದ್ದೇ ಬೇರೆ, ತಿರುವಿನ ಬಾಯಲ್ಲಿ ಹಾರನ್ ಮಾಡಿ ಅಂತ ಬೋರ್ಡಿದೆ, ಎಡಕ್ಕೆ, ಅದರ ಕಂಬ ಗಟ್ಟಿ, ಅದನ್ನ ಹಿಡ್ಕೋ. ಆಮೇಲೆ ಚಹಾ ಕುಡಿದರು. ಆಮೇಲೆ, ಲೇ, ಬಂದು ನನ್ನ ಹತ್ರ ಸುಳ್ಳು ಹೇಳಬೇಡ. ನಾನು ಕಳ್ಕೊಂಡಿದ್ದು ದೊಡ್ಡದಾ ಸಣ್ಣದಾ, ಅಷ್ಟು ಹೇಳು ಸಾಕು. ಬರೀ ನೀರು, ಮತ್ತೇನಿಲ್ಲ ಅಂದ್ರೆ ನೆಮ್ಮದಿಯಾಗಿ ಇದ್ದುಬಿಡ್ತೀನಿ. ಲೋಟ ಕೆಳಗಿಡಲು ಟೀಪಾಯಿ ತಡಕುತ್ತಿದ್ದ ಆ ಕೈ. ಏನಂತ ಹೇಳುವುದು, ದೊಡ್ಡದು ಎಂದರೆ ಆ ಕುರ್ಚಿಯಲ್ಲಿ ಕೂತು ದಿನವೂ ಕೊರಗುತ್ತಾರೆ, ಸಣ್ಣದು ಎನ್ನೋಣವೆಂದರೆ ಕಣ್ಣು ಹೋದ ಮೇಲೆ ಇವರ ಕಿವಿ ದನಿಯೊಳಗಿನ ಸುಳ್ಳನ್ನು ಅಕ್ಕಿಯೊಳಗಿನ ಕಲ್ಲಿನ ಹಾಗೆ ಹೆಕ್ಕಿ ತೆಗೆಯುತ್ತದೆ. ದೇವರೇ, ಅಲ್ಲಿ ಏನೂ ಇಲ್ಲದಿರಲಿ, ಬರೀ ನೀರಿರಲಿ.

ಅವಳೂ ನೋಡಿದವಳಲ್ಲ, ಡ್ರೈವರ ಹೆಂಡತಿಗೆ ಬಸ್ಸು ಹತ್ತಿದರೆ ಹೊಟ್ಟೆ ತೊಳಸುತ್ತಿತ್ತು, ಹೊಸದಾಗಿ ಮದುವೆಯಾದಾಗ ಒಂದೇ ಸಲ ಈ ಬಸ್ಸಲ್ಲಿ ಬಂದದ್ದು, ಇವರ ಬೆನ್ನ ಹಿಂದಿನ ಸೀಟು, ಮೂಗಿಗೆ ನಿಂಬೆಹಣ್ಣು ಹಿಡಿದು ಕಣ್ಣು ಬಿಗಿ ಮುಚ್ಚಿ ಕೂತಿದ್ದಳು, ಹಾರನ್ನು ಉದ್ದಕ್ಕೆ ಒಮ್ಮೆ, ಮತ್ತೊಮ್ಮೆ, ಬಸ್ಸು ವಾಲಿತು, ಇಡೀ ಬಸ್ಸು ಒಟ್ಟಿಗೆ ಅಬ್ಬಾ ಎಂದಿತು, ಅವಳು ಕಣ್ಣು ಬಿಟ್ಟಳು — ಕಂಡದ್ದು ಸಮುದ್ರವಲ್ಲ, ತಲೆಗಳು, ಎಲ್ಲ ತಲೆಗಳೂ ಎಡಕ್ಕೆ, ಕಂಡಕ್ಟರದೂ, ಅಮ್ಮಂದಿರ ಮಡಿಲಲ್ಲಿದ್ದ ಮಕ್ಕಳವೂ, ಅಷ್ಟರ ನಡುವೆ ಒಂದೇ ಒಂದು ಕತ್ತು ನೆಟ್ಟಗೆ, ಅವಳೇ ಹೊಲಿದ ಖಾಕಿ ಕಾಲರು, ಅದರಂಚಿಗೆ ಬೆವರು. ಆಗಲೇ ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂತು, ಮತ್ತೆ ಕಣ್ಣು ಮುಚ್ಚಿದಳು. ಎಂಥ ಗಂಡು ಇದು, ರಸವೇ ಇಲ್ಲ ಎಂದುಕೊಂಡದ್ದು ಚೆನ್ನಾಗಿ ನೆನಪಿದೆ.

ಬೋರ್ಡು. ಹೌದು, ಅದೇ, ಬಣ್ಣ ಹೋದ ಹಾರನ್ ಮಾಡಿ, ಕಂಬ ಎಡಕ್ಕೆ, ಇವರು ಹೇಳಿದಲ್ಲೇ, ಬಿಡು ತುಳಿಯುವುದು, ಬ್ರೇಕ್ ಸ್ವಲ್ಪ ಸ್ವಲ್ಪ, ಎದುರಿಗೆ ಅಡ್ಡವಿದ್ದ ಬಂಡೆ ಪಕ್ಕಕ್ಕೆ ಸರಿಯಿತು, ಸರಿದದ್ದೇ ತಡ ಎಡಗಡೆ ಪೂರ್ತಿ ತೆರೆದುಕೊಂಡಿತು, ನೋಡಬೇಡ, ನೋಡಿದಳು — ಅಬ್ಬಾ! ಗಂಟಲು ತಾನಾಗಿ ಅಂದುಬಿಟ್ಟಿತು, ಅವಳನ್ನು ಕೇಳಲೇ ಇಲ್ಲ, ನೀರೊಳಗಿನಿಂದ ಎದ್ದ ಕೆಂಪು ಬಂಡೆ, ಮನೆಯಲ್ಲ ಬೆಟ್ಟವಲ್ಲ ಅದಕ್ಕೊಂದು ಹೆಸರಿಲ್ಲ, ನಡುವೆ ಬುಡದಿಂದ ನೆತ್ತಿಯವರೆಗೆ ತೂತು, ಆ ತೂತಿನೊಳಕ್ಕೆ ಸಮುದ್ರ ಪೂರ್ತಿ ಹೋಗುತ್ತಿದೆ, ಹೋಗಿ ಒಂದು ಗಳಿಗೆ ಎಲ್ಲ ನಿಶ್ಶಬ್ದ, ಆಮೇಲೆ ನೆತ್ತಿಯಿಂದ ಬೆಳ್ಳಗೆ ಮೇಲಕ್ಕೆ, ಇನ್ನೂ ಮೇಲಕ್ಕೆ, ಬಿಸಿಲು ಅದರಲ್ಲಿ ಸಿಕ್ಕಿ ಏಳು ಬಣ್ಣ, ಹಕ್ಕಿಗಳು ಅದರೊಳಗಿಂದಲೇ ಹಾರುತ್ತಿವೆ, ಅದರ ಹಿಂದೆ ಬಂಡೆ, ಬಂಡೆಯ ಹಿಂದೆ ಬಂಡೆ, ದೂರ ಹೋದಷ್ಟೂ ತೆಳು, ಕೊನೆಯದು ಕಲ್ಲೋ ಆಕಾಶವೋ, ಅಳು ಬಂತು, ಯಾಕೆ ಅಳು — ಚಕ್ರ! ಮುಂದಿನ ಚಕ್ರದ ಕೆಳಗೆ ಜಲ್ಲಿ ಗರಗರ, ಟಾರು ಎಲ್ಲಿ ಹೋಯಿತು, ಕಣ್ಣು ಹೋದಲ್ಲಿಗೇ ಸೈಕಲ್ಲು ಹೊರಟಿದೆ, ಕೈ ಚಾಚಿದಳು, ಕಂಬ, ಸಿಕ್ಕಿತು, ತಬ್ಬಿದಳು, ಭುಜ ಚುರುಗುಟ್ಟಿತು, ಒಂದು ಕಾಲು ನೆಲದ ಮೇಲೆ, ಸೈಕಲ್ಲು ಕಾಲ ಸಂದಿಯಲ್ಲಿ. ಮೋಟುಕಲ್ಲುಗಳ ನಡುವಿನ ಸಂದಿನಲ್ಲಿ ಮುಂದಿನ ಚಕ್ರ ಗಾಳಿಯಲ್ಲಿ ಸುಮ್ಮನೆ ತಿರುಗುತ್ತಿದೆ, ಅದರ ಕೆಳಗೆ, ಬಹಳ ಕೆಳಗೆ, ನೊರೆ.

ಉಸಿರು ಬಂತು. ಕಂಬ ಬಿಡಲಾರದೆ ಹಾಗೆಯೇ ನಿಂತಳು, ಬಂಡೆಯ ನೆತ್ತಿಯಿಂದ ಮತ್ತೆ ಬೆಳ್ಳಗೆ ಎದ್ದಿತು, ಮತ್ತೆ ಗಂಟಲು ಅಂದಿತು ಅಬ್ಬಾ, ನಾಚಿಕೆಯೇ ಇಲ್ಲ ಅದಕ್ಕೆ. ಒಂದು ಸಲ, ಕಣ್ಣು ಮಿಟುಕಿಸುವಷ್ಟು ಹೊತ್ತು ನೋಡಿದ್ದು, ಇಷ್ಟಗಲದ ಚಕ್ರದ ಸೈಕಲ್ಲು, ಒಬ್ಬಳೇ ಹೆಂಗಸು. ಬಸ್ಸಿಗೆ ಎಷ್ಟು ಜಾಗ ಬೇಕು ಇಲ್ಲಿ, ತಿರುಗಿ ರಸ್ತೆ ನೋಡಿದಳು, ಇಷ್ಟೇನಾ, ಇಷ್ಟರಲ್ಲೇನಾ, ಎದುರಿಂದ ಲಾರಿ ಬಂದರೆ, ಮಳೆ ಬಿದ್ದಿದ್ದರೆ, ಬೆನ್ನ ಹಿಂದೆ ಅಷ್ಟು ಜನ ಒಟ್ಟಿಗೆ ಅಬ್ಬಾ ಅನ್ನುವಾಗ, ಹೋಗುವಾಗೊಮ್ಮೆ ಬರುವಾಗೊಮ್ಮೆ, ದಿನಾ, ಆ ದನಿ ಕಿವಿಗೆ ಬಿದ್ದರೂ — ಅವಳು ಈಗ ನಿಂತಲ್ಲೇ ಪರೀಕ್ಷೆ ಮಾಡಿದಳು, ರಸ್ತೆಯನ್ನೇ ನೋಡುತ್ತೇನೆ, ಅತ್ತ ತಿರುಗುವುದಿಲ್ಲ, ಗುಡುಂ ಎಂದಿತು, ಕತ್ತು ತಾನಾಗಿ ತಿರುಗಿತು, ತಡೆಯಲಾಗಲಿಲ್ಲ. ಇನ್ನೊಮ್ಮೆ. ಆಗಲಿಲ್ಲ. ಕೊರಡು ಅಂದಿದ್ದೆನಲ್ಲ ರೀ ನಿಮ್ಮನ್ನ. ಎಷ್ಟು ಜನ ಮನೆ ಸೇರಿದರು, ಎಷ್ಟು ಮಕ್ಕಳು, ನೋಡಿದ್ದನ್ನು ಮನೆಯಲ್ಲಿ ಹೇಳಿಕೊಂಡು ಉಂಡು ಮಲಗಿದರು. ದೊಡ್ಡದೇ ರೀ, ಸುಳ್ಳು ಹೇಳಲ್ಲ, ಬಹಳ ದೊಡ್ಡದು, ನೋಡಿ ಅತ್ತುಬಿಟ್ಟೆ, ಬಿದ್ದೇ ಹೋಗ್ತಿದ್ದೆ, ಆದರೆ ಇದಕ್ಕಿಂತ ದೊಡ್ಡದು ಒಂದು ನಾನು ಇದೇ ಜಾಗದಲ್ಲಿ ನೋಡಿದ್ದೆ, ಗೊತ್ತಾಗಿರಲಿಲ್ಲ, ಹೇಗೆ ಹೇಳಲಿ, ಕುರ್ಚಿಯ ಪಕ್ಕ ಕೂತು, ಆ ಕೈ ಹಿಡಿದುಕೊಂಡು, ನೀರು ಮತ್ತೆ ಎದ್ದಿದೆ, ಹಕ್ಕಿಗಳು, ಏಳು ಬಣ್ಣ, ಅವಳ ಕಣ್ಣು ಅಲ್ಲೇ ಇದೆ, ಕಾಣುತ್ತಿರುವುದು ಅದಲ್ಲ, ಎಲ್ಲ ತಲೆಗಳೂ ಎಡಕ್ಕೆ, ಅಷ್ಟೂ ತಲೆಗಳು, ನಡುವೆ ಆ ಖಾಕಿ ಕಾಲರು, ಅಂಚಿಗೆ ಬೆವರು, ಒಂದು ಕತ್ತು, ನೆಟ್ಟಗೆ —