ಅಜ್ಜಿಯ ಎಡಗಣ್ಣು

ತುಳಸಿ ಎಲೆಯಿಂದ ಅಜ್ಜಿಯ ಬಾಯಿಗೆ ನೀರು ಬಿಡುವಾಗ ಪ್ರಾಪ್ತಿ ನೋಡುತ್ತಿದ್ದದ್ದು ಅಜ್ಜಿಯ ಎಡಗಣ್ಣನ್ನು. ನೀರು ತುಟಿಯ ಮೂಲೆಯಿಂದ ಇಳಿದು ಕಿವಿಯ ಕಡೆಗೆ ಹೋಯಿತು. ಕಣ್ಣು ತೆರೆಯಲಿಲ್ಲ. ಹಿಂದೆ ಸರದಿಯಲ್ಲಿದ್ದವರು ಭುಜ ಮುಟ್ಟಿದರೂ ಅವಳು ಏಳದೆ ಇನ್ನೊಂದು ಸಲ ಎಲೆಯನ್ನು ನೀರಿಗೆ ಅದ್ದಿದಳು.

"ಪಾಪ, ಇವತ್ತೇ ಇವಳಿಗೆ ಪಿಯಾನೋ ಪರೀಕ್ಷೆ ಇದ್ದದ್ದು," ಎಂದಳು ಪಕ್ಕದ ಮನೆಯ ದಮಯಂತಿ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ಎಂಟನೇ ಗ್ರೇಡ್ ಅಂತೆ. ವರ್ಷವಿಡೀ ಕಲಿತದ್ದು ಅಜ್ಜಿಗೋಸ್ಕರ ಬಿಟ್ಟು ಕೂತಿದ್ದಾಳೆ ನೋಡಿ."

ಪ್ರಾಪ್ತಿಗೆ ನೆಲ ಬಿರಿದು ತನ್ನನ್ನು ನುಂಗಿದರೆ ಸಾಕೆನಿಸಿತು. ಬೆಳಿಗ್ಗೆ ಅಜ್ಜಿಯ ಕೋಣೆಯಲ್ಲಿ ನಡೆದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅಪ್ಪನಿಗಂತೂ ಹೇಳುವ ಧೈರ್ಯ ಎಲ್ಲಿಂದ ತರುವುದು?

ಅಜ್ಜಿ, ಅಮ್ಮಣ್ಣಿ ಶೆಡ್ತಿ, ಎಂದರೆ ಗುರುವಾಯನಕೆರೆಗೆಲ್ಲ ಗೊತ್ತಿದ್ದ ರೋಗಿಷ್ಠೆ. ಹೇಳಿಕೊಳ್ಳುವಂಥ ರೋಗ ಮಾತ್ರ ಒಂದೂ ಇರಲಿಲ್ಲ. ಯಾರಿಗಾದರೂ ಇಕ್ಕಟ್ಟು ಬಂದರೆ ಸಾಕು, ಆಕೆಗೆ ತಲೆ ಸುತ್ತು ಬರುತ್ತಿತ್ತು. ಅಂಗಳದ ಶಾಮಿಯಾನದ ಕೆಳಗೆ ಈಗ ಅದೇ ಮಾತು ನಡೆದಿತ್ತು.

"ನಾನು ಮದುವೆಯಾಗಿ ಬಂದ ವರ್ಷ ನನ್ನ ಅತ್ತೆ ತವರಿಗೇ ಕಳಿಸ್ತಿರ್ಲಿಲ್ಲ," ಎಂದಳು ದಮಯಂತಿ. "ಅಮ್ಮಣ್ಣಕ್ಕ ನಮ್ಮ ಜಗಲಿಯಲ್ಲೇ ಬಿದ್ದುಬಿಟ್ರು ಮಾರಾಯ್ರೆ! ಡಾಕ್ಟರಲ್ಲಿಗೆ ಹೋಗ್ಬೇಕು, ದಮಯಂತಿಯನ್ನು ಜೊತೆಗೆ ಕಳಿಸಿ ಅಂತ. ಬೆಳ್ತಂಗಡಿಯಲ್ಲಿ ಬಸ್ಸಿಳಿದದ್ದೇ, 'ನೀನು ಅಮ್ಮನನ್ನು ನೋಡಿ ಬಾ, ನಾನು ಹೋಟೆಲಲ್ಲಿ ಗೋಳಿಬಜೆ ತಿಂತಾ ಇರ್ತೇನೆ' ಅಂದ್ರು."

"ನನ್ನನ್ನು ಪೊಲೀಸರು ಹಿಡಿದಾಗ ಹಿಂದೆ ಕೂತಿದ್ದ ಅಮ್ಮಣ್ಣಕ್ಕ ಎಂಥಾ ನರಳಿದ್ದು ಗೊತ್ತುಂಟಾ?" ಎಂದ ರಿಕ್ಷಾದ ಹಸೈನಾರ್. "ಲೈಸೆನ್ಸ್ ಮನೆಯಲ್ಲಿ ಬಿಟ್ಟು ಬಂದಿದ್ದೆ. ಪೊಲೀಸರೇ ಹೆದರಿ, ಬೇಗ ಆಸ್ಪತ್ರೆಗೆ ಹೋಗು ಮಾರಾಯ ಅಂದ್ರು. ಮುಂದೆ ಬಂದು ಕನ್ನಡಿಯಲ್ಲಿ ನೋಡಿದ್ರೆ ಎಡಗಣ್ಣು ಮಾತ್ರ ತೆರೆದು ನಗ್ತಾ ಇದ್ದಾರೆ!"

ನಾಲ್ಕು ಜನ ನಕ್ಕರು. ಆಮೇಲೆ ಒಳಗೆ ದೀಪದ ಹತ್ತಿರ ಮಲಗಿದ್ದವಳನ್ನು ನೆನೆದು ಬಾಯಿ ಮುಚ್ಚಿದರು.

*

ಪಿಯಾನೋ ಹುಚ್ಚು ಮೊದಲು ಹತ್ತಿದ್ದು ಅಪ್ಪ ಸುಧಾಕರನಿಗೆ. ಮಸ್ಕತ್ತಿನ ಹೋಟೆಲೊಂದರಲ್ಲಿ ಟೇಬಲ್ಲಿಗೆ ಊಟ ತರುತ್ತಿದ್ದ ಕಾಲದಲ್ಲಿ ಮೂಲೆಯಲ್ಲಿ ಒಬ್ಬಳು ಬಾರಿಸುತ್ತಿದ್ದಳಂತೆ. ನನ್ನ ಮಗಳೂ ಹಾಗೆ ಕೂತು ಬಾರಿಸಬೇಕು, ಜನ ಊಟ ಬಿಟ್ಟು ಕೇಳಬೇಕು ಎಂದು ಅವನು ಅಲ್ಲೇ ತೀರ್ಮಾನಿಸಿದ್ದ. ಊರಿಗೆ ಬಂದು ಸ್ವಂತ ಹೋಟೆಲು ಹಾಕಿದವನೇ ಮಗಳನ್ನು ಮೂಡುಬಿದಿರೆಯ ಐರಿನ್ ಟೀಚರರ ಕ್ಲಾಸಿಗೆ ಸೇರಿಸಿದ.

ಕರೆದುಕೊಂಡು ಹೋಗುವ ಕೆಲಸ ಅಜ್ಜಿಯ ಪಾಲಿಗೆ ಬಂತು. ಪ್ರತಿ ಶನಿವಾರ ವೇಣೂರು ಮಾರ್ಗವಾಗಿ ಬಸ್ಸು, ಕ್ಲಾಸಿನ ಹೊರಗಿನ ಬೆಂಚು, ಮತ್ತೆ ಬಸ್ಸು. ಪರೀಕ್ಷೆ, ಸಂಗೀತ ಕಛೇರಿ ಇದ್ದ ದಿನ ಅಜ್ಜಿಯ ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು. ಎಸಿ ಕೋಣೆಯಲ್ಲಿ ಮೊಮ್ಮಗಳ ಬೆರಳು ಮರಗಟ್ಟುತ್ತದೆಂದು ಹೊರಗೆ ನಿಲ್ಲಿಸಿ, ಫ್ಲಾಸ್ಕಿನ ಮುಚ್ಚಳಕ್ಕೆ ನೀರು ಬಗ್ಗಿಸಿ, ಒಂದೊಂದೇ ಕೈ ಅದ್ದಿಸಿ ಸೆರಗಿನಲ್ಲಿ ಒರೆಸುತ್ತಿದ್ದಳು. ಉಳಿದ ಮಕ್ಕಳು ನೋಡುತ್ತಾರೆಂಬ ನಾಚಿಕೆ ಅಜ್ಜಿಗೆ ಇರಲಿಲ್ಲ.

ಕಳೆದ ವರ್ಷ ಮಂಗಳೂರಿನಲ್ಲಿ ಸಭೆಯ ಎದುರೇ ತಿದ್ದಿ ಕಲಿಸುವ ಮಾಸ್ಟರ್ ಕ್ಲಾಸ್ ಆಯಿತು. ಹೊರಗಿನಿಂದ ಬಂದ ದೊಡ್ಡ ವಿದ್ವಾಂಸರು ಬಾರಿಸುತ್ತಿದ್ದ ಪ್ರಾಪ್ತಿಯನ್ನು ಸ್ವರಗಳ ಒಂದೇ ಸಾಲಿನಲ್ಲಿ ಮತ್ತೆ ಮತ್ತೆ ನಿಲ್ಲಿಸಿದರು. ಬೆರಳು ಓಡುತ್ತದೆ, ಕಿವಿ ಮಲಗಿದೆ ಎಂದರು. ಸಭೆ ನಕ್ಕಿತು. ಅಂದಿನಿಂದ ಆ ಸಾಲು ಬಂದರೆ ಅವಳ ಕೈ ತಾನಾಗಿ ನಿಲ್ಲುತ್ತಿತ್ತು. ಟೀಚರು ಸಮಾಧಾನ ಹೇಳಿದರು, ಅಪ್ಪ ಇನ್ನಷ್ಟು ಅಭ್ಯಾಸ ಮಾಡು ಎಂದ. ಅವಳು ಕೋಣೆಯ ಬಾಗಿಲು ಹಾಕಿ ಬರೀ ಸ್ವರಪಾಠ ಬಾರಿಸುತ್ತ ದಿನ ದೂಡಿದಳು.

ನಿನ್ನೆ ಊಟವಾದ ಮೇಲೆ ಅಜ್ಜಿಯ ಹತ್ತಿರ ಹೋಗಿ ಅತ್ತಳು.

"ನಾಳೆ ನಾನು ಹೋಗುದಿಲ್ಲ ಅಜ್ಜಿ. ಅಲ್ಲಿ ನನ್ನ ಕೈ ಏಳುದಿಲ್ಲ."

"ಪಪ್ಪನಿಗೆ ಹೇಳು ಮಗಾ."

"ಪಪ್ಪನ ಮುಖ ನೋಡಿದ್ರೆ ಹೇಳ್ಲಿಕ್ಕೆ ಆಗುದಿಲ್ಲ. ನೀನೇ ಎಂತಾದ್ರೂ ಮಾಡು."

ಅಜ್ಜಿ ತುಂಬ ಹೊತ್ತು ಅವಳ ಬೆರಳು ನೀವಿದಳು. "ಆಯ್ತು, ನಾಳೆ ಎದೆನೋವು ಬರಿಸುವ. ಈಗ ಮಲಗು."

ಬೆಳಿಗ್ಗೆ ಅಪ್ಪ ಅಂಗಳದಲ್ಲಿ ಕಾರು ತಿರುಗಿಸಿ ಹಾರ್ನ್ ಹಾಕುತ್ತಿದ್ದ. ಆಗಲೇ ಕೋಣೆಯಿಂದ ನರಳುವ ಸದ್ದು ಬಂತು. ಪ್ರಾಪ್ತಿ ಬರುವ ನಗು ತಡೆದುಕೊಂಡೇ ಒಳಗೆ ಓಡಿದಳು. ಅಜ್ಜಿ ಅವಳ ಕೈ ಗಟ್ಟಿಯಾಗಿ ಹಿಡಿದಳು.

"ಪ್ರಾಪ್ತೀ... ಇದು ನಿಜವಾಗ್ಲೂ..."

"ಗೊತ್ತುಂಟು ಅಜ್ಜಿ," ಎಂದು ಅವಳು ಪಿಸುಗುಟ್ಟಿದಳು. "ಸ್ವಲ್ಪ ಜೋರಾಗಿ ನರಳು. ಪಪ್ಪನಿಗೆ ಕೇಳ್ಬೇಕಲ್ಲ."

ಅಪ್ಪ ಬಾಗಿಲಿಗೆ ಬಂದು ನೋಡಿದ. "ಇವತ್ತೊಂದು ದಿನ ಬೇಡ ಮಾಮಿ," ಎಂದು ಅತ್ತೆಗೆ ಹೇಳಿ, ಹೋಗಿ ಮತ್ತೆ ಹಾರ್ನ್ ಹಾಕಿದ. ಕೈಯ ಹಿಡಿತ ಸಡಿಲವಾದಾಗ, ನಾಟಕ ಮುಗಿಯಿತೆಂದು ಪ್ರಾಪ್ತಿ ಅಜ್ಜಿಯ ಮುಖ ನೋಡಿದಳು.

*

ಗಂಡಸರು ಚಿತೆಗೆ ಬೆಂಕಿ ಕೊಟ್ಟು, ಮಿಂದು ಬರುವಾಗ ಬಿಸಿಲು ಇಳಿದಿತ್ತು. ಐರಿನ್ ಟೀಚರ್ ಮೂಡುಬಿದಿರೆಯಿಂದ ಆಗಷ್ಟೇ ಬಂದು ಜಗಲಿಯಲ್ಲಿ ಕೂತಿದ್ದರು.

"ನಾನು ಪರೀಕ್ಷಕರಲ್ಲಿ ಮಾತಾಡಿದ್ದೇನೆ ಸುಧಾಕರಣ್ಣ," ಎಂದರು. "ಅವರು ನಾಳೆಯೂ ಇರ್ತಾರೆ. ಇವಳಿಗೆ ಮನಸ್ಸಿದ್ರೆ ನಾಳೆ ಬೆಳಿಗ್ಗೆ ಬರ್ಲಿ ಅಂತ ಹೇಳಿದ್ದಾರೆ. ಒತ್ತಾಯ ಇಲ್ಲ."

"ಸೂತಕದಲ್ಲಾ?" ಎಂದಳು ದಮಯಂತಿ.

"ಮಾಮಿಗೆ ಇವಳ ಪರೀಕ್ಷೆಗಿಂತ ದೊಡ್ಡ ಸೂತಕ ಇಲ್ಲ," ಎಂದ ಸುಧಾಕರ. "ಬರ್ತಾಳೆ ಟೀಚರ್. ಕೊನೆಗೆ ಇವಳ ಕೈ ಹಿಡಿದು ಮಾಮಿ ಅದನ್ನೇ ಹೇಳಿದ್ದಿರ್ಬೇಕು. ಅಲ್ವಾ ಮಗಾ?"

ಎಲ್ಲರೂ ಪ್ರಾಪ್ತಿಯನ್ನು ನೋಡಿದರು. ಹೌದು ಎಂದರೆ ಮುಗಿಯಿತು. ನಾಳೆ ಆ ಕೋಣೆ, ಆ ಸಾಲು, ಮತ್ತೆ ಬದುಕಿರುವವರೆಗೆ ಈ ಸುಳ್ಳು. ತನ್ನ ಪರವಾಗಿ ಮಲಗಲು ಇನ್ನು ಯಾರೂ ಇಲ್ಲ ಎಂಬುದು ಅವಳಿಗೆ ಆ ಕ್ಷಣ ಅರ್ಥವಾಯಿತು.

"ಅಲ್ಲ ಪಪ್ಪ," ಎಂದಳು. "ನೋವು ನಿಜ ಅಂತ ಹೇಳಿದ್ರು. ನಾನು ನಂಬ್ಲಿಲ್ಲ. ಜೋರಾಗಿ ನರಳು ಅಂದೆ. ನಾನೇ ನಾಟಕ ಮಾಡ್ಲಿಕ್ಕೆ ಹೇಳಿದ್ದು, ನನಗೆ ಪರೀಕ್ಷೆಗೆ ಹೋಗ್ಲಿಕ್ಕೆ ಹೆದರಿಕೆಯಾಗಿ."

ದಮಯಂತಿಯ ಕೈ ಬಾಯಿಗೆ ಹೋಯಿತು. ಅಪ್ಪ ಹೊಡೆಯಬಹುದು ಎಂದುಕೊಂಡಳು ಪ್ರಾಪ್ತಿ. ಹೊಡೆದಿದ್ದರೆ ಒಳ್ಳೆಯದಿತ್ತು. ಅವನು ಒದ್ದೆ ಪಂಚೆಯಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ.

"ನಾಟಕ ಮಾಡುವಾಗ ಮಾಮಿ ಎಡಗಣ್ಣು ಬಿಟ್ಟು ನೋಡ್ತಾರೆ," ಎಂದ. "ಇವತ್ತು ಎರಡೂ ಕಣ್ಣು ಮುಚ್ಚಿತ್ತು. ನಾನು ನೋಡಿದೆ ಮಗಾ. ನೋಡಿಯೂ ಹೋಗಿ ಹಾರ್ನ್ ಹಾಕಿದೆ."

ಕಾರು ಬೆಳಿಗ್ಗೆ ತಿರುಗಿಸಿಟ್ಟಂತೆ ಮೂಡುಬಿದಿರೆ ರಸ್ತೆಗೆ ಮುಖ ಮಾಡಿ ನಿಂತಿತ್ತು. ಅದರಲ್ಲಿದ್ದ ತನ್ನ ಸಂಗೀತದ ಚೀಲವನ್ನು ಕಣ್ಣೆದುರಿನಿಂದ ತೆಗೆದುಬಿಡಬೇಕೆಂದು ಪ್ರಾಪ್ತಿ ಹಿಂದಿನ ಬಾಗಿಲು ತೆರೆದಳು. ಚೀಲದ ಪಕ್ಕದಲ್ಲಿ ಅಜ್ಜಿಯ ಫ್ಲಾಸ್ಕು ಇತ್ತು. ತಿರುವಿನಲ್ಲಿ ಉರುಳದಂತೆ ಅದಕ್ಕೆ ಕೊಡೆಯನ್ನು ಒತ್ತಾಗಿ ಇಡಲಾಗಿತ್ತು.

"ಇದು ಯಾರು ಇಟ್ಟದ್ದು?"

"ಅಮ್ಮ," ಎಂದಳು ಪ್ರಾಪ್ತಿಯ ತಾಯಿ ವಿಜೇತಾ, ಬಾಗಿಲಿಗೆ ಒರಗಿ. ಅತ್ತು ಅತ್ತು ಅವಳ ಸ್ವರ ಬಿದ್ದುಹೋಗಿತ್ತು. "ಎಲ್ಲರಿಗಿಂತ ಮೊದಲೇ ಎದ್ದು ನೀರು ಕಾಯಿಸಿದ್ರು. 'ಇವತ್ತು ಸುಳ್ಳು ಹೇಳುದಿಲ್ಲ ವಿಜೇತಾ, ಹುಡುಗಿಯನ್ನು ಕರ್ಕೊಂಡೇ ಹೋಗ್ತೇನೆ' ಅಂದ್ರು. ಎಂತ ಸುಳ್ಳು ಅಂತ ನನಗೆ ಅರ್ಥ ಆಗ್ಲಿಲ್ಲ. ನಾನು ಸ್ನಾನಕ್ಕೆ ಹೋದೆ."

ಪ್ರಾಪ್ತಿ ಮುಚ್ಚಳ ತಿರುಗಿಸಿದಳು. ಅದಕ್ಕೇ ನೀರು ಬಗ್ಗಿಸಿ ಕಾರಿನ ಬಾನೆಟ್ಟಿನ ಮೇಲಿಟ್ಟು ಮೊದಲು ಬಲಗೈ, ಆಮೇಲೆ ಎಡಗೈ ಅದ್ದಿದಳು. ನೀರು ಇನ್ನೂ ಬೆಚ್ಚಗಿತ್ತು. ಅದ್ದಿದ ಕೈಗಳನ್ನು ರೂಢಿಯಂತೆ ಮುಂದೆ ಚಾಚಿದಳು. ಒರೆಸುವ ಸೆರಗು ಇಲ್ಲದೆ ಹತ್ತೂ ಬೆರಳಿನಿಂದ ನೀರು ಅಂಗಳಕ್ಕೆ ತೊಟ್ಟಿಕ್ಕುತ್ತಿತ್ತು.