ಬಿಗಿಯದೆ ಬಿಟ್ಟ ಮುಚ್ಚಳ

ನೀರಿನೊಳಗೆ ಮೊಣಕೈವರೆಗೆ ಇಳಿಬಿಟ್ಟಿದ್ದ ಐವರ್ ಪ್ರೋಬರ್ಟನ ಕೈಗೆ ಮುಚ್ಚಳ ಸಿಕ್ಕಿತು. ಸಿಕ್ಕಿತು ಅನ್ನುವುದಕ್ಕಿಂತ ಅಲುಗಾಡಿತು ಅನ್ನಬೇಕು. ಕಚ್ಚಿಕೊಂಡು ಕೂತಿರಬೇಕಾಗಿದ್ದ ಉಕ್ಕಿನ ಮುಚ್ಚಳ ಒಂದು ಮಗ್ಗುಲು ಎದ್ದುಕೊಂಡಿತ್ತು. ಮೇಲಿನ ತಿರುಪು ಬೆರಳು ತಾಗಿದರೆ ಸಾಕು, ಸಡಿಲವಾಗಿ ತಿರುಗುತ್ತಿತ್ತು.

ಮೂರ್‌ಹೆನ್ ಎಂಬ ದೋಣಿ ಹಿಂಭಾಗವನ್ನು ಕಾಲುವೆಯ ಕೆಸರಿಗೆ ಊರಿ, ಮೂತಿಯನ್ನಷ್ಟೇ ಮೇಲೆತ್ತಿಕೊಂಡು ಕೂತಿತ್ತು. ಮುಳುಗಿದ ಹಿಂಬದಿಯ ಹಲಗೆಯ ಮೇಲೆ ಐವರ್ ತೊಡೆಮಟ್ಟದ ನೀರಿನಲ್ಲಿ ಬಗ್ಗಿ ನಿಂತಿದ್ದ. ದಡದ ಕಾಲುದಾರಿಯಲ್ಲಿ ದೋಣಿಯನ್ನು ಆ ದಿನದ ಮಟ್ಟಿಗೆ ಅವನಿಂದ ಬಾಡಿಗೆಗೆ ಪಡೆದಿದ್ದ ಏಳು ಜನ ನಿಂತಿದ್ದರು. ಆರು ಜನರ ಪಾದ ಮಾತ್ರ ಒದ್ದೆಯಾಗಿತ್ತು. ಏಳನೆಯವರಾದ ಸಿರಿಲ್ ಗಾಫ್ ಸೊಂಟದವರೆಗೆ ತೊಯ್ದು, ಹೆಗಲ ಮೇಲೆ ಯಾರದೋ ಕಂಬಳಿ ಹೊದ್ದು ನಡುಗುತ್ತಿದ್ದರು. ಅವತ್ತಿಗೆ ಅವರಿಗೆ ಎಂಬತ್ತೆರಡು ತುಂಬಿತ್ತು. ಹುಟ್ಟುಹಬ್ಬಕ್ಕೆಂದೇ ಮಗಳು ಹೀದರ್ ದೋಣಿ ಗೊತ್ತುಮಾಡಿದ್ದಳು. ಎಲ್ಲರೂ ಇಳಿಯುವ ತನಕ ಚುಕ್ಕಾಣಿ ಬಿಡದೆ ನಿಂತಿದ್ದರಿಂದ ಅವರೊಬ್ಬರಿಗೇ ಆ ಗತಿ.

"ಸೇತುವೆ ಹತ್ರಾನೇ ಹೇಳ್ದೆ ನಾನು ಮಾವ, ಚುಕ್ಕಾಣಿ ನನ್ನ ಕೈಗೆ ಕೊಡಿ ಅಂತ. ಕೇಳಿದ್ರಾ?" ಎಂದು ಅಳಿಯ ಮೂರನೆಯ ಸಲ ಕೇಳಿದ.

"ತಪ್ಪು ನಂದೇ ಕಣಪ್ಪ," ಎಂದರು ಸಿರಿಲ್. "ಗೋಡೆಗೆ ತಾಗಿಸ್ದೋನು ನಾನು."

ಆ ಮಾತು ಕಿವಿಗೆ ಬಿದ್ದ ಹೊತ್ತಿನಲ್ಲಿ ಐವರ್ ತಲೆ ಎತ್ತಲಿಲ್ಲ. ನೀರಿನೊಳಗೇ ಮುಚ್ಚಳವನ್ನು ಅದುಮಿ ಸರಿಯಾಗಿ ಕೂರಿಸಿದ. ತಿರುಪನ್ನು ಒಂದು ಸುತ್ತು, ಎರಡು ಸುತ್ತು, ಇನ್ನು ತಿರುಗುವುದಿಲ್ಲ ಅನ್ನುವ ತನಕ ಬಿಗಿದ. ಹಾಗೆ ಮಾಡಬೇಕೆಂದು ಯೋಚಿಸಿ ಮಾಡಿದ್ದಲ್ಲ, ಕೈ ತನ್ನ ಪಾಡಿಗೆ ತಾನು ಮಾಡಿಬಿಟ್ಟಿತು. ಏನಾದರೂ ಸಿಕ್ಕಿತೇ ಎಂದು ಅಳಿಯ ಕೇಳಿದಾಗ, ಏನೂ ಇಲ್ಲ ಎಂದು ಹೇಳಿದ್ದು ಮಾತ್ರ ಅವನೇ.

ಅಂಥ ಕಾಲುವೆ ದೋಣಿಗಳಲ್ಲಿ ಹಿಂಬದಿಯ ಹಲಗೆ ಎತ್ತಿದರೆ ಕೆಳಗೆ ಒಂದು ಚೌಕದ ಕಿಂಡಿ ಇರುತ್ತದೆ. ಪ್ರೊಪೆಲರಿಗೆ ಕಳೆಯೋ ಹಗ್ಗವೋ ಸುತ್ತಿಕೊಂಡರೆ ಆ ಕಿಂಡಿಯಲ್ಲಿ ಕೈ ಇಳಿಬಿಟ್ಟು ಬಿಡಿಸಬೇಕು. ದೋಣಿ ನಿಂತಿರುವಾಗ ಅಲ್ಲಿಂದ ನೀರು ಮೇಲೆ ಬರುವುದಿಲ್ಲ. ಪ್ರೊಪೆಲರ್ ತಿರುಗತೊಡಗಿದರೆ ಮಾತ್ರ ಚಿಮ್ಮಿ ಬರುತ್ತದೆ, ಅದಕ್ಕೇ ಮುಚ್ಚಳ, ಅದಕ್ಕೇ ತಿರುಪು. ಆ ಭಾನುವಾರ ಬೆಳಿಗ್ಗೆ ಐವರ್ ಒಂದು ನೀಲಿ ಪ್ಲಾಸ್ಟಿಕ್ ಹಗ್ಗವನ್ನು ಬಿಡಿಸಿ ತೆಗೆದು ಮುಚ್ಚಳ ಇಟ್ಟಿದ್ದ. ತಿರುಪಿಗೆ ಕೈ ಹಾಕುವಷ್ಟರಲ್ಲಿ ಪಕ್ಕದ ದೋಣಿಯ ಹೆಂಗಸೊಬ್ಬಳು ತನ್ನ ನಾಯಿಗೂ ತೇಲುವ ಅಂಗಿ ಸಿಗುತ್ತದೆಯೇ ಎಂದು ಕೇಳಿದಳು. ಅವನು ಎದ್ದು ಹೋಗಿ ಹುಡುಕಿ ತಂದ. ನಾಯಿ ತೊಡಿಸಿಕೊಳ್ಳಲು ಒಪ್ಪದೆ ಎಲ್ಲರನ್ನೂ ನಗಿಸಿತು. ನಗುತ್ತಲೇ ವಾಪಸು ಬಂದವನು ಹಲಗೆ ಮುಚ್ಚಿ, ಗಾಫ್ ಮನೆಯವರಿಗೆ ಚುಕ್ಕಾಣಿ ಹಿಡಿಯುವ ರೀತಿ ತೋರಿಸಿ ಕಳಿಸಿಕೊಟ್ಟ. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದವನು ಮರೆತದ್ದು ಅದೊಂದು ಸಲ.

ದೋಣಿ ಎರಡು ಗಂಟೆ ಕಾಲ ಸದ್ದಿಲ್ಲದೆ ನೀರು ಕುಡಿಯುತ್ತ ಹೋಗಿತ್ತು. ನಡುವೆ ಕಲ್ಲಿನ ಸೇತುವೆಯೊಂದರ ಕೆಳಗೆ ಸಿರಿಲ್ ಅವರ ಕೈಯಲ್ಲಿ ಅದು ಗೋಡೆಯನ್ನು ಸವರಿತು. ಎಲ್ಲ ಬಾಡಿಗೆ ದೋಣಿಗಳೂ ದಿನಕ್ಕೆರಡು ಸಲ ಸವರುವಂಥದ್ದೇ. ಅದಾಗಿ ಇಪ್ಪತ್ತು ನಿಮಿಷಕ್ಕೆ ಹಿಂಭಾಗ ಕುಸಿಯಿತು. ಮುಂದಿನದಕ್ಕೆ ಹಿಂದಿನದೇ ಕಾರಣ ಎಂದು ಏಳು ಜನರೂ ಒಪ್ಪಿಕೊಂಡುಬಿಟ್ಟರು. ವಿಮೆಯವರ ಕಾಗದದಲ್ಲಿ ಐವರ್ ಬರೆದದ್ದೂ ಸೇತುವೆಗೆ ತಗುಲಿತು ಎಂದೇ.

ಐವರ್ ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ಅವನಿಗೆ ಊಟ ಸೇರುತ್ತಿತ್ತು. ಆ ವಾರವೆಲ್ಲ ಅವನು ತಟ್ಟೆಯ ಮುಂದೆ ಕೂತು ಫೋರ್ಕಿನಿಂದ ಆಲೂಗಡ್ಡೆಯನ್ನು ಅತ್ತಿಂದಿತ್ತ ದೂಡುತ್ತಿದ್ದ. ಹೊರಡುವ ಪ್ರತಿ ದೋಣಿಯ ಮುಚ್ಚಳವನ್ನೂ ನಾಲ್ಕು ನಾಲ್ಕು ಸಲ ಮುಟ್ಟಿ ನೋಡುತ್ತಿದ್ದ. ಹೆಂಡತಿ ನೆಸ್ಟಾ ಏನಾಯಿತೆಂದು ಎರಡು ಸಲ ಕೇಳಿದಳು. ಬೆನ್ನು ಹಿಡಿದುಕೊಂಡಿದೆ ಎಂದ. ಮೂರನೆಯ ಸಲ ಅವಳು ಕೇಳಲಿಲ್ಲ, ಅದು ಅವನಿಗೆ ಇನ್ನೂ ಕಷ್ಟವಾಯಿತು.

ಹತ್ತನೆಯ ದಿನ ಹೀದರ್ ಬಂದಳು. ನೀರಿನಿಂದ ತೆಗೆದು ಒಣಗಿಸಿಟ್ಟಿದ್ದ ಬುತ್ತಿಯ ಬುಟ್ಟಿ, ಯಾರದೋ ಸ್ವೆಟರು, ಒಂದು ಕಾಲಿನ ಬೂಟು ಇವನ್ನೆಲ್ಲ ಕಾರಿಗೆ ತುಂಬುತ್ತ ಅಪ್ಪನ ವಿಷಯ ತಾನಾಗಿಯೇ ತೆಗೆದಳು. ಅವತ್ತು ಮನೆಗೆ ಹೋದದ್ದೇ ಅಪ್ಪ ತಮ್ಮ ಕಾರಿನ ಬೀಗದ ಕೈ ತಂದು ಅಡುಗೆಮನೆಯ ಮೇಜಿನ ಮೇಲೆ ಇಟ್ಟರಂತೆ. ಯಾರೂ ಕೇಳಿರಲಿಲ್ಲವಂತೆ. ನಾಲ್ಕು ಮೈಲಿ ವೇಗದ ದೋಣಿ ನಡೆಸಲಾರದವನು ರಸ್ತೆಗೆ ಇಳಿಯಬಾರದು ಎಂದರಂತೆ.

"ಒಂದು ರೀತೀಲಿ ಒಳ್ಳೇದೇ ಆಯ್ತು ಅನ್ನಿ," ಎಂದಳು ಹೀದರ್. "ನಾವಾಗೇ ಕೇಳೋಕೆ ಬಾಯಿ ಬರ್ತಿರ್ಲಿಲ್ಲ. ಅಮ್ಮನ ವಿಷಯಕ್ಕೇ ಸಂಕಟ ಆಗೋದು."

ಅಮ್ಮ, ಅಂದರೆ ಡಿಲಿಸ್, ಎಂಟು ಮೈಲಿ ಆಚೆಯ ಹಳ್ಳಿಯೊಂದರಲ್ಲಿ ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಮನೆಯಲ್ಲಿದ್ದರು. ಸಿರಿಲ್ ಎರಡು ವರ್ಷದಿಂದ ಒಂದು ದಿನವೂ ತಪ್ಪಿಸದೆ ಮಧ್ಯಾಹ್ನ ಕಾರಿನಲ್ಲಿ ಹೋಗಿ ಕೈಯಾರೆ ಉಣಿಸಿ ಬರುತ್ತಿದ್ದರು. ಆ ಹಳ್ಳಿಗೆ ಈಗ ಬಸ್ಸಿಲ್ಲ. ಇದ್ದ ಕಾಲದಲ್ಲಿ ಅದನ್ನು ಓಡಿಸುತ್ತಿದ್ದದ್ದು ಸಿರಿಲ್ ಅವರೇ. ಇನ್ನು ಮೇಲೆ ಭಾನುವಾರ ಭಾನುವಾರ ನಾವೇ ಕರೆದುಕೊಂಡು ಹೋಗುವುದೆಂದು ಗೊತ್ತುಮಾಡಿಕೊಂಡಿದ್ದೇವೆ, ಎಲ್ಲರಿಗೂ ಕೆಲಸವಿರುತ್ತದಲ್ಲ ಎಂದಳು ಹೀದರ್.

ಹೇಳುವುದಿದ್ದರೆ ಅದೇ ಹೊತ್ತು. ಐವರ್ ಬಾಯಿ ತೆರೆದ. ಬುಟ್ಟಿಯ ಹಿಡಿ ಸ್ವಲ್ಪ ಸಡಿಲವಾಗಿದೆ, ಹುಷಾರು ಎಂದ. ಕಾರು ಹೋದ ಮೇಲೂ ಬಹಳ ಹೊತ್ತು ಅಲ್ಲೇ ನಿಂತಿದ್ದ. ತನ್ನ ಬಗ್ಗೆ ತನಗೇ ಅಷ್ಟೊಂದು ಹೇಸಿಗೆ ಅವನಿಗೆ ಹಿಂದೆಂದೂ ಆಗಿರಲಿಲ್ಲ.

ಅದಾದ ಮೇಲೆ ಎರಡು ಸಲ ಅವನು ಫೋನು ಕೈಗೆತ್ತಿಕೊಂಡ. ಒಂದು ಸಲ ವ್ಯಾನು ತೆಗೆದುಕೊಂಡು ಅವರ ಬೀದಿಯ ತಿರುವಿನವರೆಗೂ ಹೋಗಿ ಬಂದ. ಇಪ್ಪತ್ತಮೂರನೆಯ ದಿನ, ಮಂಗಳವಾರ ಬೆಳಿಗ್ಗೆ, ಸಿರಿಲ್ ಅವರೇ ಬಂದರು. ಊರಿನಿಂದ ಬಸ್ಸಿನಲ್ಲಿ ಬಂದು, ಸೇತುವೆಯೊಂದರ ಹತ್ತಿರ ಇಳಿದು, ಕಾಲುವೆಯ ಪಕ್ಕದಲ್ಲಿ ಒಂದು ಮೈಲಿ ನಡೆದಿದ್ದರು. ಟೈ ಕಟ್ಟಿದ್ದರು. ಶೂ ಕೆಸರಾಗಿತ್ತು. ಐವರ್ ಕುರ್ಚಿ ತಂದು ಹಾಕಿದರೂ ಕೂರಲಿಲ್ಲ.

"ನಾನು ಮಾಡಿದ ತಪ್ಪು ಏನು ಅಂತ ಸರಿಯಾಗಿ ಹೇಳಿ," ಎಂದರು. "ದಾಕ್ಷಿಣ್ಯ ಮಾಡ್ಬೇಡಿ. ಮೂವತ್ನಾಲ್ಕು ವರ್ಷ ಬಸ್ ಓಡ್ಸಿದೀನಿ. ಎಲ್ಲಿ ತಾಗ್ತು, ಎಷ್ಟು ತಾಗ್ತು ಅಂತ ಕೂತ ಸೀಟಲ್ಲೇ ಗೊತ್ತಾಗೋದು ನಂಗೆ. ಅವತ್ತು ಸುಮ್ನೆ ಸವರಿದ ಹಾಗಿತ್ತು. ಅಷ್ಟಕ್ಕೇ ಮುಳುಗಲ್ಲ ಅಲ್ವಾ? ಅಂದ್ರೆ ಜೋರಾಗೇ ಹೊಡ್ದಿದೀನಿ, ನಂಗದು ಗೊತ್ತೇ ಆಗಿಲ್ಲ." ಟೈ ಸರಿಪಡಿಸಿಕೊಂಡು ಹೇಳಿದರು: "ಡಿಲಿಸ್‌ಗೂ ಹೀಗೇ ಶುರುವಾಗಿದ್ದು."

ಈ ಮನುಷ್ಯ ಬೈಯಲು ಬಂದಿದ್ದರೆ, ಅಳಲು ಬಂದಿದ್ದರೆ ಐವರ್ ಇನ್ನೂ ಸ್ವಲ್ಪ ದಿನ ಸುಮ್ಮನಿದ್ದುಬಿಡುತ್ತಿದ್ದನೋ ಏನೋ. ಅವನು ಮುಂದೆ ನಡೆದ. ನೀರು ಖಾಲಿ ಮಾಡಿಸಿ, ಯಂತ್ರ ಒಣಗಿಸಿ ಕಟ್ಟಿಹಾಕಿದ್ದ ಮೂರ್‌ಹೆನ್ನಿಗೆ ಸಿರಿಲ್ ಅವರನ್ನು ಕೈಹಿಡಿದು ಹತ್ತಿಸಿದ. ಹಲಗೆ ಎತ್ತಿ, ತಿರುಪು ಬಿಚ್ಚಿ, ಮುಚ್ಚಳವನ್ನು ಅವರ ಕೈಗೆ ಕೊಟ್ಟ. ಕೆಳಗೆ ಕಿಂಡಿಯಲ್ಲಿ ಕಪ್ಪು ನೀರು ತುಳುಕುತ್ತಿತ್ತು.

"ಅವತ್ತು ಬೆಳಿಗ್ಗೆ ನಾನು ಇದನ್ನ ಬಿಗೀಲಿಲ್ಲ," ಎಂದ. "ನೀವು ಸೇತುವೆ ಮುಟ್ಟದೇ ಇದ್ದಿದ್ರೂ ಮುಳುಗ್ತಿತ್ತು. ನಿಮ್ಮ ತಪ್ಪು ಏನೂ ಇಲ್ಲ."

ಸಿರಿಲ್ ಮುಚ್ಚಳವನ್ನು ತಿರುಗಿಸಿ ನೋಡಿದರು. ಕಿಂಡಿಯನ್ನು ನೋಡಿದರು. ಯಂತ್ರದ ವ್ಯವಹಾರ ತಿಳಿದವರಿಗೆ ಎರಡನೆಯ ಸಲ ಹೇಳಬೇಕಾಗಿರಲಿಲ್ಲ. ಅವರ ಮುಖದಲ್ಲಿ ಮೊದಲು ಬಂದದ್ದು ಸಂತೋಷವೇ. ಹಾಗಾದರೆ ನನ್ನ ತಲೆ ನೆಟ್ಟಗಿದೆ ಎಂದು ತಮಗೆ ತಾವೇ ಹೇಳಿಕೊಂಡು ನಗಲು ಕೂಡ ಹೊರಟಿದ್ದರು. ನಗು ಅರ್ಧಕ್ಕೇ ನಿಂತಿತು.

"ನಿಮಗೆ ಯಾವಾಗ ಗೊತ್ತಾಯ್ತು?"

"ಅವತ್ತೇ. ನೀರಲ್ಲಿ ನಿಂತಿದ್ದಾಗ."

"ನಾನು ದಡದಲ್ಲಿದ್ದೆ ಆಗ."

"ಹೌದು."

ಕಚೇರಿಯ ಬಾಗಿಲಲ್ಲಿ ಟೀ ಹಿಡಿದು ಬಂದಿದ್ದ ನೆಸ್ಟಾ ಅಲ್ಲೇ ನಿಂತುಬಿಟ್ಟಿದ್ದಳು. ಸಿರಿಲ್ ಮುಚ್ಚಳವನ್ನು ಮೆಲ್ಲಗೆ ಹಲಗೆಯ ಮೇಲೆ ಇಟ್ಟು, ಕರವಸ್ತ್ರದಿಂದ ಬೆರಳು ಬೆರಳೂ ಒರೆಸಿಕೊಂಡರು.

"ಅವತ್ತಿಂದ ಡಿಲಿಸ್ ಹತ್ರ ಮೂರೇ ಸಲ ಹೋಗೋಕಾಯ್ತು ನಂಗೆ," ಎಂದರು. ದನಿ ಏರಲಿಲ್ಲ. "ದಿನಾ ಹೋಗ್ತಿದ್ರೆ ಗುರುತು ಹಿಡಿಯೋಳು. ಹೆಸರು ಮರೀತಿದ್ಲು, ಮುಖ ಮರೀತಿರ್ಲಿಲ್ಲ. ಮೊನ್ನೆ ಭಾನುವಾರ ಅದೂ ಹೋಯ್ತು ಕಣಯ್ಯಾ." ಆಮೇಲೆ ಗಡಿಯಾರ ನೋಡಿಕೊಂಡರು. "ನಿನ್ನ ವ್ಯಾನ್ ತೆಗಿ. ಅಲ್ಲಿ ಹನ್ನೆರಡೂವರೆಗೆ ಊಟ ಕೊಡ್ತಾರೆ."

ಹನ್ನೆರಡಕ್ಕೆ ದೋಣಿ ಕೇಳಿಕೊಂಡು ಬರುವವರಿದ್ದರು. ನೆಸ್ಟಾ ಟೀಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಒಳಗೆ ಹೋಗಿ ವ್ಯಾನಿನ ಬೀಗದ ಕೈ ತಂದು ಐವರನಿಗೆ ಕೊಟ್ಟಳು. ಅವನ ಮುಖ ನೋಡಲಿಲ್ಲ.

ಎಂಟು ಮೈಲಿಯೂ ಸಿರಿಲ್ ಮುಂದಿನ ಗಾಜಿನ ಆಚೆಗೇ ನೋಡುತ್ತ ಕೂತಿದ್ದರು. ಎರಡು ಕಡೆ ಮಾತ್ರ, ಇಲ್ಲಿ ರಸ್ತೆ ಕಿರಿದು, ನಿಧಾನ ಎಂದರು. ಐವರ್ ಹೇಳಬೇಕೆಂದುಕೊಂಡಿದ್ದ ಮಾತುಗಳೆಲ್ಲ ವ್ಯಾನಿನೊಳಗೆ ಕೆಲಸಕ್ಕೆ ಬಾರದವಾಗಿ ಕಂಡವು. ಹೀದರಳಿಗೆ ಇವತ್ತೇ ತಿಳಿಸುತ್ತೇನೆ, ವಿಮೆಯವರಿಗೂ ಬರೆಯುತ್ತೇನೆ ಎಂದಷ್ಟೇ ಹೇಳಿದ.

ಊಟದ ಕೋಣೆಯಲ್ಲಿ ಡಿಲಿಸ್ ಕಿಟಕಿಯ ಪಕ್ಕ ಕೂತಿದ್ದರು. ಬಿಳಿಕೂದಲನ್ನು ಯಾರೋ ನೀಟಾಗಿ ಬಾಚಿದ್ದರು. ದಪ್ಪ ತೋಳಿನ ಸಹಾಯಕಿಯೊಬ್ಬಳು ಬಟಾಣಿ ಮಸೆದು ಕಲಸಿದ ಆಲೂಗಡ್ಡೆಯನ್ನು ಚಮಚದಲ್ಲಿ ಉಣಿಸುತ್ತಿದ್ದಳು. ಸಿರಿಲ್ ಅವರನ್ನು ಕಂಡು ಅವಳ ಮುಖ ಅರಳಿತು. ಬೇಗನೆ ಎದ್ದು ಕುರ್ಚಿ ಬಿಟ್ಟುಕೊಟ್ಟಳು, ಚಮಚವನ್ನೂ ಕೊಟ್ಟಳು. ಸಿರಿಲ್ ಕಳಚಿಕೊಟ್ಟ ಕೋಟು ಹಿಡಿದುಕೊಂಡು ಐವರ್ ಬಾಗಿಲ ಹತ್ತಿರ ನಿಂತ.

ಡಿಲಿಸ್ ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿ, ಮನೆಗೆ ಬಂದ ಹೊಸಬರನ್ನು ಮಾತಾಡಿಸುವ ಹಾಗೆ ನಕ್ಕರು.

"ತುಂಬಾ ದೂರದಿಂದ ಬಂದ್ರಾ?"

"ಇಲ್ಲ," ಎಂದರು ಸಿರಿಲ್. "ಇಲ್ಲೇ ಹತ್ತಿರ."

ಅವರು ಚಮಚ ತುಂಬಿ, ಬಿಸಿಯಿದೆಯೇ ಎಂದು ತುಟಿಗೆ ತಾಗಿಸಿ ನೋಡಿ, ಹೆಂಡತಿಯ ಬಾಯಿಯ ಹತ್ತಿರ ಹಿಡಿದರು. ಡಿಲಿಸ್ ತುಟಿ ತೆರೆಯಲಿಲ್ಲ. ಸಹಾಯಕಿಯ ಕಡೆ ತಿರುಗಿ ಅವಳ ಮುಖ ನೋಡಿದರು. ಸಹಾಯಕಿ ತಲೆಯಾಡಿಸಿ, ತಗೊಳ್ಳಿ, ಪರವಾಗಿಲ್ಲ, ಒಳ್ಳೆಯವರೇ ಎಂದಳು.

ಆಗ ಬಾಯಿ ಸ್ವಲ್ಪವೇ ತೆರೆಯಿತು. ಸಿರಿಲ್ ಎರಡನೆಯ ಚಮಚವನ್ನು ಮೊದಲಿನದಕ್ಕಿಂತ ಕಡಿಮೆ ತುಂಬಿಕೊಂಡರು.